ಬಂದು ಹೋಗುವವರ ಋಣ

ವಿದೇಶದಿಂದ ಬರುವ ಸಂಶೋಧಕರು ಏನೇನು ಪಾಲಿಸಬೇಕು ಅನ್ನುವ ನಾಲ್ಕು ಪುಟದ ಕಾಗದವೊಂದು ನನ್ನ ಹತ್ತಿರ ಇದೆ. ಐದು ವರ್ಷದ ಹಿಂದೆ ನಮ್ಮ ಮಂಡಿಕಲ್ ಹೋಬಳಿಗೆ ಬಂದಿದ್ದ ಯುರೋಪಿನ ಒಬ್ಬ ಹೆಣ್ಣುಮಗಳು, ಯಾರಾದರೂ ಕೇಳಿದರೆ ತೋರಿಸು ಅಂತ ಕೊಟ್ಟಿದ್ದ ಪ್ರತಿ ಅದು. ಯಾರೂ ಕೇಳಲಿಲ್ಲ. ನಮ್ಮಪ್ಪ ಒಂದು ಸಹಿಗಾಗಿ ಹೋದರೆ ಏಳು ಕಾಗದ ಕೇಳುವ ನಾಡು ಇದು. ಆಕೆಯನ್ನು ಒಂದನ್ನೂ ಕೇಳಲಿಲ್ಲ.

ಕಾಗದದಲ್ಲಿ ಇರುವುದು ಇಷ್ಟು. ವಾರಕ್ಕೊಮ್ಮೆ ನಡೆಯುವ ವಿಚಾರಗೋಷ್ಠಿಗೆ ತಪ್ಪದೆ ಬರಬೇಕು. ಇರುವ ಅವಧಿಯಲ್ಲಿ ಒಂದಾದರೂ ಉಪನ್ಯಾಸ ಕೊಡಬೇಕು. ಸಂಸ್ಥೆಯ ವಿದ್ವಾಂಸರ ಜೊತೆ ಬೆರೆಯಬೇಕು. ಬೆಂಗಳೂರು ಬಿಟ್ಟು ಹೊರಗೆ ಹೋಗುವಾಗ ತಿಳಿಸಬೇಕು. ಕೊನೆಗೆ ವರದಿ ಒಪ್ಪಿಸಬೇಕು. ಮುಂದೆ ಏನನ್ನು ಅಚ್ಚು ಹಾಕಿದರೂ ಸಂಸ್ಥೆಯ ಹೆಸರು ಸ್ಮರಿಸಬೇಕು. ಗ್ರಂಥಾಲಯದಿಂದ ತೆಗೆದುಕೊಂಡ ಪುಸ್ತಕ ಹಿಂದಿರುಗಿಸಬೇಕು. ಇದಕ್ಕೆ ಪ್ರತಿಯಾಗಿ ಸಂಸ್ಥೆ ಕೂರಲು ಮೇಜು ಕುರ್ಚಿ ಕೊಡುತ್ತದೆ, ಗುರುತಿನ ಚೀಟಿ ಕೊಡುತ್ತದೆ, ವೀಸಾಕ್ಕೆ ಬೇಕಾದ ಪತ್ರ ಕೊಡುತ್ತದೆ.

ಕಾಗದದಲ್ಲಿ ತಪ್ಪು ಸಾಲು ಒಂದೂ ಇಲ್ಲ. ಆದರೆ ಆ ನಾಲ್ಕು ಪುಟದಲ್ಲಿ ನಮ್ಮ ಕೇರಿ ಎಲ್ಲೂ ಇಲ್ಲ. ಆಕೆ ಬಂದದ್ದು ನಮ್ಮನ್ನು ನೋಡಲು, ಕೇಳಲು, ಬರೆದುಕೊಳ್ಳಲು. ಕರಾರು ಮಾಡಿಕೊಂಡದ್ದು ಬೇರೆಯವರ ಜೊತೆ. ಪುಸ್ತಕ ಹಿಂದಿರುಗಿಸಬೇಕು ಅಂತ ಇದೆ. ನಮ್ಮ ಪಿನ್ನಮ್ಮನ ಮಾತು ಹಿಂದಿರುಗಿಸಬೇಕು ಅಂತ ಇಲ್ಲ.

ಗೆಳೆಯರೇ, ಆ ಇಲ್ಲದ ಸಾಲಿನ ಬಗ್ಗೆ ನಾನು ಬರೆಯಬೇಕಾಗಿದೆ. ಬರೆಯುವ ಹಕ್ಕು ನನಗಿದೆಯೋ ಇಲ್ಲವೋ ಅನ್ನುವುದನ್ನೂ ಜೊತೆಗೇ ಕೇಳಿಕೊಳ್ಳಬೇಕಾಗಿದೆ.

*

ನಮ್ಮ ಕಡೆಗೆ ಸಂಶೋಧಕರು ಬರುವುದು ಹೊಸದೇನಲ್ಲ. ಹೈದರಾಬಾದಿನ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರ ದಾಟಿ, ಪೆರೇಸಂದ್ರದಲ್ಲಿ ಇಳಿದು ಮಂಡಿಕಲ್ಲಿನ ಕಡೆಗೆ ಹೊರಳಿದರೆ ಸಿಗುವುದು ಬಂಡೆ, ಹುಣಸೆಮರ, ರಾಗಿ ಹೊಲ, ಅಲ್ಲಲ್ಲಿ ಹಿಪ್ಪುನೇರಳೆ. ವರ್ಷವಿಡೀ ಹರಿಯುವ ಹೊಳೆ ಈ ಸೀಮೆಯಲ್ಲಿ ಇಲ್ಲ. ಬೋರ್‌ವೆಲ್ಲು ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯ್ತು. ಅಷ್ಟು ಆಳದ ನೀರಿನ ಜೊತೆಗೆ ಫ್ಲೋರೈಡೂ ಮೇಲೆ ಬರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾವೆಷ್ಟು ಕುಡಿದಿದ್ದೇವೆ ಅನ್ನುವುದನ್ನು ನಮ್ಮ ಹಲ್ಲುಗಳೇ ಹೇಳುತ್ತವೆ. ಹಾಗಾಗಿ ನೀರು ಅಳೆಯುವವರು ಬರುತ್ತಾರೆ. ರೇಷ್ಮೆ ನೋಡುವವರು ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಬರುತ್ತಾರೆ. ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿ ಹೆಬ್ಬಾಳ ನಾಗವಾರದ ಕಡೆಯಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ತುಂಬಿಸಲು ಶುರು ಮಾಡಿದ ಮೇಲೆ ಅದನ್ನು ನೋಡುವವರೂ ಬರುತ್ತಿದ್ದಾರೆ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಇಬ್ಬರು ಬಂದಿದ್ದರು. ಕೇರಿಯ ಕೈಪಂಪಿನಿಂದ ನಾಲ್ಕು ಬಾಟಲಿ ನೀರು ತುಂಬಿಕೊಂಡರು. ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ, ಬಾಯಿ ತೆರೆಸಿ, ಹಲ್ಲಿನ ಫೋಟೋ ತೆಗೆದರು. ಒಬ್ಬೊಬ್ಬರಿಗೂ ಒಂದೊಂದು ಬಿಸ್ಕತ್ತಿನ ಪೊಟ್ಟಣ ಕೊಟ್ಟರು. ನಮಗೆ ಅವತ್ತು ಹಬ್ಬ. ಆ ನೀರಿನ ಫಲಿತಾಂಶ ಎಲ್ಲೋ ಬಂದಿರಬೇಕು, ಯಾರದೋ ಪ್ರಬಂಧದಲ್ಲಿ ಒಂದು ಅಂಕಿಯಾಗಿ ಕೂತಿರಬೇಕು. ನಮಗೆ ಬರಲಿಲ್ಲ. ಅದೇ ಪಂಪಿನ ನೀರನ್ನು ಆಮೇಲೂ ಏಳು ವರ್ಷ ಕುಡಿದೆವು.

ಆ ಇಬ್ಬರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರ ಕರಾರಿನಲ್ಲಿ ನಾವು ಇರಲಿಲ್ಲ, ಅಷ್ಟೇ. ಕರಾರಿನಲ್ಲಿ ಇಲ್ಲದವರಿಗೆ ಉತ್ತರ ಕೊಡಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲ. ವ್ಯವಸ್ಥೆ ಅಂದರೆ ಇದೇ. ಅದಕ್ಕೆ ಕೆಟ್ಟ ಮನುಷ್ಯರೇ ಬೇಕಾಗಿಲ್ಲ.

*

ಈಗ ನನ್ನ ಕಥೆ. ನಮ್ಮ ವಂಶದಲ್ಲಿ ಡಿಗ್ರಿ ಮುಟ್ಟಿದ ಮೊದಲ ಮನುಷ್ಯ ನಾನು. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ, ಹೊಟ್ಟೆಪಾಡಿಗೆ ಹರಕು ಇಂಗ್ಲಿಷು. ಈ ಮೂರೂ ಇದ್ದದ್ದಕ್ಕೆ ಆಕೆಗೆ ದುಭಾಷಿಯಾಗಿ ಇಪ್ಪತ್ತು ದಿನ ಕೆಲಸ ಸಿಕ್ಕಿತು. ದಿನಕ್ಕೆ 600 ರೂಪಾಯಿ. ಟೊಮೇಟೊ ಬಿಡಿಸಲು ಹೋಗುವ ನಮ್ಮಮ್ಮನ ಕೂಲಿಗಿಂತ ಜಾಸ್ತಿ.

ನೀರು ಮತ್ತು ಜಾತಿ ಆಕೆಯ ವಿಷಯ. ಮೊದಲು ಊರೊಳಗೆ ಹೋದೆವು. ದೊಡ್ಡ ಮನೆಯವರು ಆಕೆಯನ್ನು ನಡುಮನೆಗೆ ಕರೆದು, ಚಾಪೆಯ ಮೇಲೆ ಬೇಡ ಅಂತ ಕುರ್ಚಿ ಹಾಕಿ ಕೂರಿಸಿ, ಕಾಫಿ ಕೊಟ್ಟರು. ನಾನು ಜಗಲಿಯ ಕೆಳಗೆ ನಿಂತೆ. ಯಾರೂ ನಿಲ್ಲು ಅನ್ನಲಿಲ್ಲ, ನನ್ನ ಕಾಲೇ ನಿಂತವು. ಅಲ್ಲಿಂದಲೇ ಗಟ್ಟಿಯಾಗಿ ಕೂಗಿ ಅನುವಾದ ಮಾಡಿದೆ. ದುಭಾಷಿ ಹೊರಗೆ, ಅವನು ಹೇಳುವ ಮಾತು ಹೊಸಿಲು ದಾಟಿ ಒಳಗೆ. ಮೂರನೇ ದಿನ ಆಕೆ ಕೇಳಿದಳು, ನೀನು ಯಾಕೆ ಒಳಗೆ ಬರೋದಿಲ್ಲ ಅಂತ. ಹೊರಗೆ ಗಾಳಿ ಚೆನ್ನಾಗಿದೆ ಅಂದೆ. ಆಕೆ ಕೇಳಲು ಬಂದಿದ್ದ ಪ್ರಶ್ನೆಗೆ ಉತ್ತರವಾಗಿ ನಾನೇ ಎದುರಿಗೆ ನಿಂತಿದ್ದೆ. ಆದರೂ ಸುಳ್ಳು ಹೇಳಿದೆ. ನಾಚಿಕೆ ಅನ್ನುವುದು ಎಂಥಾ ಸಂಶೋಧನೆಗೂ ಸಿಗದ ವಸ್ತು.

ಬಾಬಾಸಾಹೇಬರು ತಮ್ಮ ಬದುಕಿನ ಅವಮಾನಗಳನ್ನು ನೆನೆದು ಬರೆದ ಪುಟ್ಟ ಪುಸ್ತಕಕ್ಕೆ 'ವೇಟಿಂಗ್ ಫಾರ್ ಎ ವೀಸಾ' ಅಂತ ಹೆಸರು. ಅದರ ಅರ್ಥ ನನಗೆ ಆ ಜಗಲಿಯ ಕೆಳಗೆ ಹೊಳೆಯಿತು. ಏಳು ಸಮುದ್ರದ ಆಚೆಯಿಂದ ಬಂದವಳಿಗೆ ನಮ್ಮೂರ ನಡುಮನೆಗೆ ವೀಸಾ ಇದೆ. ಅಲ್ಲೇ ಹುಟ್ಟಿದವನಿಗೆ ಇಲ್ಲ.

ಕೇರಿಗೆ ಬಂದಾಗ ಆಕೆ ನೆಲದ ಮೇಲೆ ಕೂತಳು. ನಮ್ಮ ಮನೆಯ ನೀರು ಕುಡಿದಳು, ಮುದ್ದೆ ಉಂಡಳು. ನಮ್ಮಮ್ಮ ಅದನ್ನು ಇವತ್ತಿಗೂ ಹೇಳಿಕೊಳ್ಳುತ್ತಾಳೆ. ಅದನ್ನು ಅಲ್ಲಗಳೆಯಲಾರೆ. ಹೊರಗಿನವರು ಒಬ್ಬರು ಮುಟ್ಟಿಸಿಕೊಂಡರು ಅನ್ನುವುದು ನಮ್ಮಂಥವರಿಗೆ ಸಣ್ಣ ಸಂಗತಿಯಲ್ಲ. ಕೇರಿಯೂ ಆಕೆಯಿಂದ ಏನೇನೋ ಬಯಸಿತು. ಒಬ್ಬಜ್ಜಿ ಪೆನ್ಷನ್ ನಿಂತಿದೆ ಅಂತ ಪಾಸ್‌ಬುಕ್ ತಂದಳು. ಒಬ್ಬ ಹುಡುಗ ನಿಮ್ಮ ದೇಶದಲ್ಲಿ ಕೆಲಸ ಕೊಡಿಸಿ ಅಂದ. ಬರೆದುಕೊಳ್ಳುವವರು ಅಂದರೆ ಸರಕಾರದವರು, ಬರೆದುಕೊಂಡರೆ ಏನೋ ಬರುತ್ತದೆ ಅನ್ನುವುದು ನಮ್ಮ ಜನರ ಹಳೇ ನಂಬಿಕೆ. ನಾನು ಆ ನಂಬಿಕೆಯನ್ನು ಒಡೆಯಲಿಲ್ಲ. ಒಡೆದರೆ ಮಾತು ನಿಲ್ಲುತ್ತಿತ್ತು, ನನ್ನ ಕೂಲಿಯೂ ನಿಲ್ಲುತ್ತಿತ್ತು.

ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸಿದವನೂ ನಾನೇ. ಪಿನ್ನಮ್ಮ ನನ್ನ ಮುಖ ನೋಡಿ ಕೇಳಿದಳು, 'ವಾಳ್ಳು ರಾಸ್ಕೊನಿ ಪೋತೇ ಮನಕೇಮಿ ವಸ್ತುಂದಿ ನಾಯ್ನಾ?' ಅವರು ಬರೆದುಕೊಂಡು ಹೋದರೆ ನಮಗೇನಪ್ಪಾ ಬರುತ್ತದೆ? ನಮ್ಮ ತಾತ ಜೀತಕ್ಕೆ ಬಿದ್ದದ್ದು ಹೆಬ್ಬೆಟ್ಟಿನಿಂದ. ಜೀತವನ್ನು ತೊಡೆದುಹಾಕಿದ 1976ರ ಕಾಯ್ದೆ ಬಂದಾಗ ತಾತನ ಅರ್ಧ ಆಯುಸ್ಸು ಮುಗಿದಿತ್ತು. ಆ ಮನೆಯ ಹೆಣ್ಣಿಗೆ ಹೆಬ್ಬೆಟ್ಟು ಅಂದರೆ ಏನು ಅಂತ ಗೊತ್ತಿಲ್ಲವೇ? ಆಕೆ ಒಪ್ಪಿದ್ದು ಕಾಗದಕ್ಕಲ್ಲ. ಎದುರಿಗೆ ಕೂತಿದ್ದವನು ಅಕ್ಕನ ಮಗ ಅನ್ನುವುದಕ್ಕೆ.

ಅವಳು ಹೇಳಿದಳು. ಬೇಸಿಗೆಯಲ್ಲಿ ಯಾರ ಬೋರ್‌ವೆಲ್ಲಿಗೆ ಹೋದೆವು, ಯಾರು ಬಿಂದಿಗೆ ಒದ್ದರು, ಏನಂತ ಬೈದರು, ಆ ಬೈಗುಳಕ್ಕೆ ತಾನೇನು ಉತ್ತರ ಕೊಟ್ಟೆ, ಎಲ್ಲಾ. ಅವಳ ಉತ್ತರದಲ್ಲಿ ಬೆಂಕಿ ಇತ್ತು. ನಾನು ಇಂಗ್ಲಿಷಿನಲ್ಲಿ 'ಬೇಸರ ವ್ಯಕ್ತಪಡಿಸಿದರು' ಅಂದೆ. ಸಂಭಾವಿತ ಮಾತು ಕಲಿತವನು ಮೊದಲು ಮಾಡುವ ಕೆಲಸ ಸ್ವಂತ ತಾಯಂದಿರ ನಾಲಿಗೆ ತೊಳೆಯುವುದು.

ಎರಡು ವರ್ಷದ ಮೇಲೆ ಪ್ರಬಂಧ ಅಚ್ಚಾಯಿತು. ಕೊನೆಯಲ್ಲಿ ಕೃತಜ್ಞತೆಯ ಸಾಲಿನಲ್ಲಿ ನನ್ನ ಹೆಸರಿತ್ತು. ಅದನ್ನು ಸ್ನೇಹಿತರಿಗೆಲ್ಲ ತೋರಿಸಿದೆ. ಪಿನ್ನಮ್ಮನ ಹೆಸರನ್ನು ಆಕೆ ನಿಯಮದ ಪ್ರಕಾರ ಬದಲಾಯಿಸಿದ್ದಳು, ಊರಿನ ಹೆಸರನ್ನೂ ಬದಲಾಯಿಸಿದ್ದಳು. ಆದರೆ ಮನೆಯ ಗುರುತು ಹಾಗೇ ಇತ್ತು. ಆ ಗುರುತನ್ನು ಇಲ್ಲಿ ಇನ್ನೊಮ್ಮೆ ಬರೆಯಲಾರೆ. ಓದಿದ ಯುರೋಪಿನವರಿಗೆ ಅದು ಎಲ್ಲೋ ಒಂದು ಮನೆ. ನಮ್ಮೂರವರಿಗೆ ಅದು ಒಂದೇ ಮನೆ. ಬೆಂಗಳೂರಿನಲ್ಲಿ ಓದುತ್ತಿದ್ದ ದೊಡ್ಡ ಮನೆಯ ಹುಡುಗನೊಬ್ಬ ಅದನ್ನು ಫೋನಿನಲ್ಲಿ ಓದಿ, ಹಬ್ಬಕ್ಕೆ ಬಂದಾಗ ಮನೆಯವರಿಗೆ ಓದಿ ಹೇಳಿದ. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಆ ಸುಗ್ಗಿಯಲ್ಲಿ ಪಿನ್ನಮ್ಮನನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಟೆಂಪೋ ಅವಳ ಮನೆಯ ಮುಂದೆ ನಿಲ್ಲದೆ ಹೋಯಿತು. ನಾಲ್ಕು ತಿಂಗಳು.

ನಾನು ಆಕೆಗೆ ಕಾಗದ ಬರೆದೆ. ಮರುದಿನವೇ ಉತ್ತರ ಬಂತು. ಮನಸ್ಸಿನಿಂದಲೇ ನೊಂದುಕೊಂಡಿದ್ದಳು. ನಿಯಮದಲ್ಲಿ ಹೇಳಿದ್ದನ್ನೆಲ್ಲ ಮಾಡಿದ್ದೆ ಅಂತ ಬರೆದಿದ್ದಳು. ಅದೂ ನಿಜವೇ.

ಪಿನ್ನಮ್ಮನ ಮುಂದೆ ಹೋಗಿ ತಲೆ ತಗ್ಗಿಸಿ ಕೂತೆ. ಅವಳು ಬೈಯಲಿಲ್ಲ. ಅವಳ ತೆಲುಗನ್ನು ಈ ಸಲ ತೊಳೆಯದೆ ಕನ್ನಡಕ್ಕೆ ತರುತ್ತೇನೆ: 'ನಾನೇನ್ ಸುಳ್ಳು ಹೇಳಿದ್ನಾ? ಇಲ್ಲ. ನಾಳೆ ಕೇಳಿದ್ರೂ ಅದೇ ಹೇಳ್ತೀನಿ. ಆದ್ರೆ ಯಾರ ಮುಂದೆ, ಯಾವಾಗ ಹೇಳ್ಬೇಕು ಅನ್ನೋದು ನಂದು. ಅದನ್ನ ನೀವಿಬ್ರೂ ನನ್ನಿಂದ ಕಿತ್ಕೊಂಡ್ರಿ.'

*

ಇದು ನಮ್ಮ ಹೋಬಳಿಯ ಒಂದು ಮನೆಯ ಗೋಳು ಅಂತ ಬಿಟ್ಟುಬಿಡಬಹುದು. ಆದರೆ ಕನ್ನಡ ನಾಡಿನ ಹಳ್ಳಿಗಳ ಬಗ್ಗೆ ಬಂದಿರುವ ಹೆಸರಾಂತ ಪುಸ್ತಕಗಳಲ್ಲೆಲ್ಲ ಇದೇ ಪ್ರಶ್ನೆ ಮಲಗಿದೆ.

ಮೊದಲು ನಮ್ಮ ಮೂಗು ಅಳೆದರು. ಮದರಾಸಿನ ಮ್ಯೂಸಿಯಂನ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿಗಳ ಬಗ್ಗೆ 1909ರಲ್ಲಿ ಏಳು ಸಂಪುಟ ಹೊರಡಿಸಿದ. ಅಳೆಸಿಕೊಂಡವರಿಗೆ ಯಾಕೆ ಅಳೆಯುತ್ತಿದ್ದಾರೆ ಅಂತ ತಿಳಿದಿತ್ತೇ? ಆ ಕಾಲದ ಅಂಥ ಅಳತೆಗಳನ್ನೇ ಮುಂದೆ ಅಂಬೇಡ್ಕರ್ 1948ರ ತಮ್ಮ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ತಿರುಗಿಸಿ ಹೊಡೆದರು. ಮೂಗಿನ ಲೆಕ್ಕದಲ್ಲಿ ಬ್ರಾಹ್ಮಣ ಬೇರೆ ಕುಲ, ಅಸ್ಪೃಶ್ಯ ಬೇರೆ ಕುಲ ಅಂತ ಹೇಳಲು ಬರುವುದಿಲ್ಲ, ಅಸ್ಪೃಶ್ಯತೆಗೆ ಜನಾಂಗದ ಆಧಾರವೇ ಇಲ್ಲ ಅಂತ ತೋರಿಸಿದರು. ನಮ್ಮಿಂದ ತೆಗೆದುಕೊಂಡದ್ದು ನಮ್ಮವರ ಕೈಗೆ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಇದೊಂದು ಸಾಕ್ಷಿ.

ಆಮೇಲೆ ಹಳ್ಳಿಗಳನ್ನೇ ಅಳೆಯುವ ಕಾಲ ಬಂತು. 1948ರಲ್ಲಿ ಎಂ. ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಇದ್ದು ಅಭ್ಯಾಸ ಮಾಡಿದರು. ಅದಕ್ಕೆ ರಾಂಪುರ ಅಂತ ಹೆಸರಿಟ್ಟರು. ಅವರು ವಿದೇಶಿಯಲ್ಲ, ನಮ್ಮ ನಾಡಿನವರೇ. ಆದರೆ ಇಳಿದುಕೊಂಡದ್ದು ಊರಿನ ಯಜಮಾನನಿಗೆ ಸೇರಿದ ಮನೆಯಲ್ಲಿ. ತಾನು ಕಂಡದ್ದು ಹೆಚ್ಚಾಗಿ ಮೇಲುಜಾತಿಯವರ ಕಣ್ಣಿನ ಊರು ಅಂತ ಅವರೇ ಒಪ್ಪಿಕೊಂಡಿದ್ದಾರೆ. ಹಾಗಾದರೆ ಕೇರಿಗೆ ಪರದೇಶದವರು ಯಾರು? ಹಡಗಿನಲ್ಲಿ, ವಿಮಾನದಲ್ಲಿ ಬರುವವರು ಮಾತ್ರವೇ? ಒಂದೇ ಊರಿನಲ್ಲಿ ಇನ್ನೂರು ಗಜದ ಆಚೆ ಇರುವವರೂ ಕೇರಿಗೆ ಪರದೇಶದವರೇ.

ಅದೇ ಶ್ರೀನಿವಾಸ್ 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅತಿಥಿ ವಿದ್ವಾಂಸರಾಗಿದ್ದರು. ಏಪ್ರಿಲ್ 24ರಂದು ಕಿಡಿಗೇಡಿಗಳು ಆ ಕಟ್ಟಡಕ್ಕೆ ಬೆಂಕಿ ಇಟ್ಟರು. ವರ್ಷಗಟ್ಟಲೆ ಕೂತು ಹದಮಾಡಿದ್ದ ರಾಂಪುರದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ನೆನಪಿನಿಂದ ಬರೆದ ಅವರ ಪುಸ್ತಕ 1976ರಲ್ಲಿ ಬಂತು. ಇದನ್ನು ಮೊದಲ ಸಲ ಓದಿದಾಗ ನನಗೆ ಕೋಪವೇ ಬಂತು. ಮೂರು ಪ್ರತಿಯಲ್ಲಿ ಒಂದನ್ನಾದರೂ ಆ ಹಳ್ಳಿಯಲ್ಲಿ ಇಟ್ಟಿದ್ದರೆ ಉಳಿಯುತ್ತಿರಲಿಲ್ಲವೇ ಅನ್ನಿಸಿತು. ಪಿನ್ನಮ್ಮನಿಗೆ ಆದದ್ದನ್ನು ಕಂಡ ಮೇಲೆ ಆ ಯೋಚನೆ ಬದಲಾಯಿತು. ಹಳ್ಳಿಯಲ್ಲಿ ಇಟ್ಟಿದ್ದರೆ ಯಾರ ಪೆಟ್ಟಿಗೆಯಲ್ಲಿ ಇರುತ್ತಿತ್ತು? ಯಜಮಾನನ ಪೆಟ್ಟಿಗೆಯಲ್ಲಿ. ಊರಿಗೆ ಹಿಂದಿರುಗಿಸಿ ಅನ್ನುವುದು ಸುಲಭ. ಊರು ಅಂದರೆ ಯಾರು? ನಮ್ಮಲ್ಲಿ ಊರು ಅನ್ನುವ ಪದದೊಳಗೇ ಕೇರಿ ಇಲ್ಲ.

ಇನ್ನೊಂದು ಉದಾಹರಣೆ ಮಂಡ್ಯದ ಕಡೆಯದು. ಸ್ಕಾರ್ಲೆಟ್ ಎಪ್‌ಸ್ಟೈನ್ ಅನ್ನುವ ಹೆಣ್ಣುಮಗಳು 1954ರಲ್ಲಿ ಬಂದು, ನಾಲೆ ನೀರು ಬಂದ ಒಂದು ಹಳ್ಳಿ, ಬಾರದ ಒಂದು ಹಳ್ಳಿ, ಎರಡನ್ನೂ ಎರಡು ವರ್ಷ ಅಭ್ಯಾಸ ಮಾಡಿದಳು. 1962ರಲ್ಲಿ ಪುಸ್ತಕ ಬಂತು. ಅಲ್ಲಿಗೆ ಮುಗಿಸಲಿಲ್ಲ. 1970ರಲ್ಲಿ ಅದೇ ಹಳ್ಳಿಗಳಿಗೆ ಮತ್ತೆ ಬಂದಳು. 1998ರಲ್ಲಿ ಆ ಹಳ್ಳಿಗಳ ನಲವತ್ತು ವರ್ಷದ ಬದಲಾವಣೆಯ ಬಗ್ಗೆ ಇನ್ನೊಂದು ಪುಸ್ತಕ ಬಂದಾಗ ಮುಖಪುಟದಲ್ಲಿ ಮೂರು ಹೆಸರಿದ್ದವು. ಅದರಲ್ಲಿ ಒಂದು ಸೂರ್ಯನಾರಾಯಣ ಅವರದು. ಮೊದಲ ಸಲ ಬಂದಾಗ ಆಕೆಗೆ ಸಹಾಯಕರಾಗಿದ್ದವರು. ಕೊನೆಯ ಪುಟದ ಕೃತಜ್ಞತೆಯಿಂದ ಮುಖಪುಟಕ್ಕೆ ಒಬ್ಬ ಸಹಾಯಕ ನಡೆದು ಬರಲು ನಲವತ್ತು ವರ್ಷ ಹಿಡಿಯಿತು. ಆದರೂ ಬಂದರು. ಮತ್ತೆ ಬರುವುದು ಒಂದು ಜವಾಬ್ದಾರಿ. ಬರೆದದ್ದು ನಿಜವೋ ಸುಳ್ಳೋ ಅಂತ ಬರೆಸಿಕೊಂಡವರ ಎದುರಿಗೆ ಬಂದು ನಿಲ್ಲುವ ಧೈರ್ಯ ಅದು.

ಬಂದವರೆಲ್ಲ ಇಲ್ಲೇ ಇರಬೇಕು ಅಂತ ನಾನು ಹೇಳುವುದಿಲ್ಲ. ಅಮೆರಿಕದಿಂದ ಸಂಶೋಧನೆಗೆ ಬಂದ ಗೇಲ್ ಆಮ್ವೆಟ್ ಮಹಾರಾಷ್ಟ್ರದ ಕಾಸೇಗಾಂವಿನಲ್ಲೇ ನಿಂತುಬಿಟ್ಟರು, 1983ರಲ್ಲಿ ಭಾರತದ ಪ್ರಜೆಯಾದರು, ನಮ್ಮ ಚಳುವಳಿಗಳ ಚರಿತ್ರೆ ಬರೆದು 2021ರಲ್ಲಿ ಅಲ್ಲೇ ತೀರಿಕೊಂಡರು. ಅದು ಪ್ರೀತಿ. ಪ್ರೀತಿಯನ್ನು ನಿಯಮ ಮಾಡಲು ಬರುವುದಿಲ್ಲ. ನಿಯಮ ಬೇಕಾಗಿರುವುದು ಆರು ತಿಂಗಳಿಗೆ ಬಂದು ಏಳನೇ ತಿಂಗಳು ವಿಮಾನ ಹತ್ತುವವರಿಗೆ.

*

ಹಾಗಾದರೆ ಅವರ ಋಣ ಏನು, ಯಾರಿಗೆ?

ಸಂಶೋಧಕ ಹೋಗಬಲ್ಲವನು, ಪಿನ್ನಮ್ಮ ಹೋಗಲಾರಳು. ಇಡೀ ನೀತಿಯ ಪ್ರಶ್ನೆ ನನ್ನ ಪ್ರಕಾರ ಇಲ್ಲಿದೆ. ಇಬ್ಬರೂ ಸೇರಿ ಒಂದು ಸತ್ಯವನ್ನು ಹೊರಗೆ ತರುತ್ತಾರೆ. ಅದರ ಹೆಸರು, ಪದವಿ, ಬಡ್ತಿ ಹೋಗುವವನ ಜೊತೆ ಹೋಗುತ್ತದೆ. ಅದರ ಬೆಲೆ ಇರುವವಳ ಮನೆಯಲ್ಲಿ ಉಳಿಯುತ್ತದೆ. ಸತ್ಯಕ್ಕೆ ಬೆಲೆ ತೆರುವವರ ಕೈಯಲ್ಲಿ ಸತ್ಯದ ಲಗಾಮೂ ಇರಬೇಕು. ಮಾತು ಎಷ್ಟು ದೂರ ಹೋಗಬೇಕು ಅನ್ನುವುದನ್ನು ಅವರು ನಿರ್ಧರಿಸಬೇಕು.

ಇದು ಬರೀ ಭಾವುಕತೆ ಅನ್ನುವವರಿಗೆ ಕಾಯ್ದೆಯ ಮಾತನ್ನೇ ಹೇಳುತ್ತೇನೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ವಿದೇಶಿಯೊಬ್ಬ ನಮ್ಮ ಗಿಡವನ್ನೋ ಬೀಜವನ್ನೋ, ಅದರ ಬಗ್ಗೆ ನಮ್ಮವರಿಗಿರುವ ತಿಳುವಳಿಕೆಯನ್ನೋ ಸಂಶೋಧನೆಗೆ ಪಡೆಯಬೇಕಾದರೆ ಮೊದಲು ಚೆನ್ನೈನಲ್ಲಿರುವ ರಾಷ್ಟ್ರೀಯ ಪ್ರಾಧಿಕಾರದ ಅಪ್ಪಣೆ ಬೇಕು. ಲಾಭ ಬಂದರೆ ಪಾಲು ಕೊಡುವ ಮಾತೂ ಅದರಲ್ಲಿದೆ. ಒಳ್ಳೆಯದೇ. ಪಿನ್ನಮ್ಮನ ಹಿತ್ತಿಲಿನ ಗಿಡಕ್ಕೆ ಕಾಯ್ದೆಯ ಬೇಲಿ ಇದೆ. ಪಿನ್ನಮ್ಮನ ಅವಮಾನಕ್ಕೆ ಒಂದು ಹೆಬ್ಬೆಟ್ಟಿನ ಚೀಟಿ ಸಾಕು.

ಇದಕ್ಕೆ ಒಂದು ಆಕ್ಷೇಪಣೆ ಬರುತ್ತದೆ, ಬರಲೇಬೇಕು. ಬರೆಸಿಕೊಂಡವರಿಗೆಲ್ಲ ತಡೆಯುವ ಅಧಿಕಾರ ಕೊಟ್ಟರೆ ನಾಳೆ ಬಿಂದಿಗೆ ಒದ್ದವನೂ ನನ್ನ ಬಗ್ಗೆ ಬರೆಯಬೇಡಿ ಅಂತಾನೆ, ಆಗೇನು ಮಾಡುತ್ತೀರಿ? ಸರಿಯಾದ ಪ್ರಶ್ನೆ. ನನ್ನ ಉತ್ತರ ಇದು: ಇಬ್ಬರದ್ದೂ ಒಂದೇ ಹಕ್ಕಲ್ಲ. ಒದ್ದವನು ಕಾಪಾಡಿಕೊಳ್ಳಲು ನೋಡುವುದು ತನ್ನ ಅಧಿಕಾರವನ್ನು. ಒದೆಸಿಕೊಂಡವಳು ಕಾಪಾಡಿಕೊಳ್ಳುವುದು ನಾಳೆಯ ಕೂಲಿಯನ್ನು. ಅಧಿಕಾರಕ್ಕೆ ಮರೆ ಬೇಕಾಗಿಲ್ಲ, ಅದಕ್ಕೆ ಸಾವಿರ ಮರೆ ಮೊದಲೇ ಇವೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ 'ನಾವು ತಟಸ್ಥರು' ಅನ್ನುವ ಪಂಡಿತರು ನಿಂತಿರುವುದು ನಡುಮನೆಯಲ್ಲಿ. ಅಲ್ಲಿಗೆ ಕಾಫಿ ಬರುತ್ತದೆ.

ಮಾತಿಗೆ ಬೆಲೆ ತೆರುವುದು ಅಂದರೇನು ಅಂತ ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2000ನೇ ಇಸವಿ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಆಗ ಅದು ಕೋಲಾರ ಜಿಲ್ಲೆ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಸುದ್ದಿ ದೇಶವೆಲ್ಲ ತುಂಬಿತು, ಎಷ್ಟೋ ಮಂದಿ ಬಂದು ಬರೆದುಕೊಂಡರು. ಬರೆದದ್ದು ಬೇಕಾಗಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ನ್ಯಾಯಾಲಯದಲ್ಲಿ ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ಯಾಕೆ ತಿರುಗಿದರು ಅಂತ ಕೇಳುವ ಮೊದಲು ಒಂದು ಯೋಚನೆ ಮಾಡಿ. ಬರೆದುಕೊಂಡವರೆಲ್ಲ ಹಿಂದಿರುಗಿ ಹೋಗಿದ್ದರು. ಸಾಕ್ಷಿ ಹೇಳಬೇಕಾದವರು ಇದೇ ನೆಲದಲ್ಲಿ ಬದುಕಬೇಕಾಗಿತ್ತು. ಬರೆದುಕೊಳ್ಳುವವರ ಮುಂದೆ ಆಡಿದ ಮಾತು ಪುಸ್ತಕವಾಗುತ್ತದೆ. ನ್ಯಾಯಾಧೀಶರ ಮುಂದೆ ಆಡಲಾಗದ ಮಾತು ಬಿಡುಗಡೆಯಾಗುತ್ತದೆ, ಕೊಂದವರ ಬಿಡುಗಡೆ. ಆಡಿಸಿದ ಮಾತಿಗೆ ಕಾವಲು ನಿಲ್ಲದ ಜ್ಞಾನ ಅರ್ಧ ಜ್ಞಾನ.

*

ಇಲ್ಲಿಯವರೆಗೆ ಬೆರಳು ಆಕೆಯ ಕಡೆಗೆ ತೋರಿಸಿದೆ. ಈಗ ನನ್ನ ಕಡೆಗೆ.

ಆಕೆಗೆ ಮನೆಯ ಗುರುತು ಹೇಳಿದವನು ಯ���ರು? ನಾನು. ಅದು ಊರವರಿಗೆಲ್ಲ ಗೊತ್ತಾಗುವ ಗುರುತು ಅನ್ನುವುದು ಯಾರಿಗೆ ತಿಳಿದಿತ್ತು? ಆಕೆಗಲ್ಲ, ನನಗೆ. ಅವಳು ಆರು ತಿಂಗಳಿಗೆ ಬಂದವಳು. ನಾನು ಅಲ್ಲೇ ಹುಟ್ಟಿದವನು. ಆದರೆ ಡಿಗ್ರಿ ಸಿಕ್ಕ ದಿನದಿಂದ ನಾನೂ ಹೋಗಬಲ್ಲವನಾಗಿಬಿಟ್ಟೆ. ಬೆಂಗಳೂರಿನ ರೂಮಿನಲ್ಲಿ ಇದ್ದು, ಹಬ್ಬಕ್ಕೆ ಕೇರಿಗೆ ಬಂದು, ಅಮ್ಮನ ಕೈಯ ಬೊಬ್ಬೆ ನೋಡಿ ಪದ್ಯ ಬರೆದು, ಅಚ್ಚಾದ ಪದ್ಯವನ್ನು ಅವಳಿಗೆ ಓದಿ ಹೇಳದೆ ವಾಪಸು ಬಸ್ಸು ಹತ್ತುವ ನಾನು ಯಾವ ಸೀಮೆಯ ಮನೆಮಗ? ನಾನೂ ಒಬ್ಬ ಅತಿಥಿ ಸಂಶೋಧಕನೇ. ನನ್ನ ವೀಸಾ ಹೆತ್ತ ಹೊಟ್ಟೆಯ ಹೆಸರಿನಲ್ಲಿದೆ, ಅಷ್ಟೇ ವ್ಯತ್ಯಾಸ. ಈ ಪತ್ರಿಕೆ ಓದುವ ಗೆಳೆಯರಲ್ಲಿ ಎಷ್ಟು ಮಂದಿ ಇದಕ್ಕೆ ಹೊರತು?

ಅಂಬೇಡ್ಕರರೂ ಪರದೇಶಕ್ಕೆ ಹೋದವರು. 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ಕೊಲಂಬಿಯಾಕ್ಕೆ ಹೋಗುವಾಗ, ಓದು ಮುಗಿಸಿ ಬಂದು ಹತ್ತು ವರ್ಷ ಆ ಸಂಸ್ಥಾನದ ಕೆಲಸ ಮಾಡುವುದಾಗಿ ಕರಾರು ಬರೆದುಕೊಟ್ಟಿದ್ದರು. 1916ರ ಮೇ 9ರಂದು ಅಲ್ಲಿ ಗೋಲ್ಡನ್‌ವೈಸರ್ ಅವರ ವಿಚಾರಗೋಷ್ಠಿಯಲ್ಲಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಆಗ ಅವರಿಗೆ ಇಪ್ಪತ್ತೈದು ವರ್ಷ, ನನ್ನದೇ ವಯಸ್ಸು. 1917ರಲ್ಲಿ ಕರಾರಿನ ಪ್ರಕಾರ ಬರೋಡಾಕ್ಕೆ ಬಂದರೆ ತಲೆ ಊರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರದಿಂದ ಹೊರಗೆ ಹಾಕಿಸಿಕೊಂಡರು. ಕಾಗದದ ಕರಾರು ಅಲ್ಲಿಗೆ ಮುರಿಯಿತು. ಆದರೆ ಯಾವ ಕಾಗದದಲ್ಲೂ ಬರೆಯದ ಇನ್ನೊಂದು ಕರಾರು ಅವರ ಮೇಲಿತ್ತು, ಅದನ್ನು ಸಾಯುವವರೆಗೂ ತೀರಿಸಿದರು. ಕಲಿತದ್ದನ್ನು ಮಹಾಡದ ಕೆರೆಯ ಮೆಟ್ಟಿಲಿಗೆ ತಂದರು. ನೀರಿನ ಬಗ್ಗೆ ಪ್ರಬಂಧ ಬರೆದು ಸುಮ್ಮನಿರಲಿಲ್ಲ, 1927ರಲ್ಲಿ ಸಾವಿರಾರು ಜನರ ಜೊತೆ ಹೋಗಿ ನೀರು ಕುಡಿದರು.

*

ದಕ್ಷಿಣ ಆಫ್ರಿಕಾದಲ್ಲಿ ಸಾನ್ ಅನ್ನುವ ಆದಿವಾಸಿ ಜನ ಇದ್ದಾರೆ. ಅವರ ರಕ್ತ, ಅವರ ಗಿಡಮೂಲಿಕೆ, ಅವರ ಕಥೆ, ಎಲ್ಲವನ್ನೂ ಹೊರಗಿನ ವಿದ್ವಾಂಸರು ತೆಗೆದುಕೊಂಡು ಹೋದದ್ದನ್ನು ನೋಡಿ ನೋಡಿ, 2017ರಲ್ಲಿ ಅವರೇ ಕೂತು ಸಂಶೋಧಕರಿಗೆ ನಿಯಮ ಬರೆದರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ, ಸರಿಯಾದ ಕ್ರಮ, ಇವು ಅದರ ಐದು ಮಾತು. ನನಗೆ ಆ ಐದು ಮಾತಿಗಿಂತ ದೊಡ್ಡದಾಗಿ ಕಂಡದ್ದು ಬರೆದ ಕೈ ಯಾರದು ಅನ್ನುವುದು.

ಹೋದ ಯುಗಾದಿಗೆ ನಮ್ಮ ಕೇರಿಯ ಮಾರಮ್ಮನ ಗುಡಿಯ ಕಟ್ಟೆಯ ಮೇಲೆ ನಾವು ಹತ್ತು ಹನ್ನೆರಡು ಜನ ಕೂತು ಈ ಮಾತು ಎತ್ತಿದೆವು. ಹೆಂಗಸರೇ ಜಾಸ್ತಿ ಮಾತಾಡಿದರು. ಕೊನೆಗೆ ಉಳಿದದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. ಯಾತಕ್ಕೆ ಬಂದಿದ್ದೀರಿ, ಇದರಿಂದ ನಿಮಗೇನು ಬರುತ್ತದೆ ಅಂತ ಮೊದಲು ಹೇಳಿ. ನಮಗೆ ಏನೂ ಬರುವುದಿಲ್ಲ ಅಂದರೆ ಅದನ್ನೂ ಹೇಳಿ, ಆಸೆ ಹುಟ್ಟಿಸಬೇಡಿ. ಕೂಲಿಯ ಹೊತ್ತಿನಲ್ಲಿ ಕೂರಿಸಿಕೊಂಡರೆ ಕೂಲಿ ಕೊಡಿ, ಅದು ಭಿಕ್ಷೆಯಲ್ಲ. ಬರೆದದ್ದನ್ನು ಅಚ್ಚಿಗೆ ಹಾಕುವ ಮುಂಚೆ ನಮ್ಮ ಭಾಷೆಯಲ್ಲಿ ಓದಿ ಹೇಳಿ. ಬೇಡ ಅಂದ ಕಡೆ ತೆಗೆಯಿರಿ. ನೀರು ತೆಗೆದುಕೊಂಡು ಹೋದರೆ ನೀರಿನ ಲೆಕ್ಕ ತಂದು ಕೊಡಿ. ನಿಮ್ಮ ಪುಸ್ತಕದಿಂದ ನಮ್ಮ ಮೇಲೆ ಏನಾದರೂ ಬಂದರೆ ಫೋನು ಎತ್ತಿ, ಬನ್ನಿ.

ಇದಕ್ಕೆ ಎದುರಾಗಿ ನಾವೇನು ಕೊಡಬೇಕು ಅಂತಲೂ ಮಾತು ಬಂತು. ನಿಜ ಹೇಳಬೇಕು. ಪೆನ್ಷನ್ ಕೊಡಿಸುತ್ತಾರೆ ಅಂತ ಇಲ್ಲದ್ದನ್ನು ಸೇರಿಸಿ ಹೇಳಬಾರದು. ಬಂದವರ ಹಸಿವು ನೋಡಬೇಕು. ಇಷ್ಟು.

ಇದನ್ನು ಬೆಂಗಳೂರಿನ ಯಾವ ಸಂಸ್ಥೆ ತನ್ನ ನಾಲ್ಕು ಪುಟಕ್ಕೆ ಐದನೆಯದಾಗಿ ಸೇರಿಸಿಕೊಳ್ಳುತ್ತದೋ ಗೊತ್ತಿಲ್ಲ. ಸೇರಿಸಲಿ ಬಿಡಲಿ, ಇನ್ನು ಮೇಲೆ ನಮ್ಮ ಕೇರಿಗೆ ಬರುವವರಿಗೆ ಮೊದಲು ಇದನ್ನು ಓದಿ ಹೇಳುತ್ತೇವೆ. ಹಳ್ಳಿಯ ಮೇಷ್ಟ್ರುಗಳು, ಓದುವ ಹುಡುಗ ಹುಡುಗಿಯರು ತಮ್ಮ ತಮ್ಮ ಕೇರಿಯಲ್ಲಿ ಕೂತು ತಮ್ಮದನ್ನು ಬರೆದುಕೊಳ್ಳಲಿ. ಇದೇ ಸರಿ ಅಂತ ಅಲ್ಲ. ಆದರೆ ದುಭಾಷಿಯಾಗಿ ಹೋಗುವ ಮುಂಚೆ ಬರೆದುಕೊಳ್ಳಿ. ಆಮೇಲೆ ತಡವಾಗುತ್ತದೆ, ನನಗೆ ಆದ ಹಾಗೆ.

ಈ ಲೇಖನವನ್ನು ಪತ್ರಿಕೆಗೆ ಕಳಿಸುವ ಮುಂಚೆ ಪಿನ್ನಮ್ಮನಿಗೆ ತೆಲುಗಿನಲ್ಲಿ ಪೂರ್ತಿ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಾ ಕೇಳಿಸಿಕೊಂಡಳು. ಎರಡು ಕಡೆ ನಿಲ್ಲಿಸಿದಳು. ಒಂದು ಕಡೆ ನಾನು ತಪ್ಪಾಗಿ ಹೇಳಿದ್ದೆ, ತಿದ್ದಿದೆ. ಇನ್ನೊಂದು ಕಡೆ ನಾನು ಹೇಳಿದ್ದು ನಿಜವೇ, ಆದರೂ ಬೇಡ ಅಂದಳು. ಅದು ಈ ಲೇಖನದ ಬಲವಾದ ಪ್ಯಾರಾ ಅಂತ ನಾನು ಅಂದುಕೊಂಡಿದ್ದೆ. ತೆಗೆದಿದ್ದೇನೆ.